ಯಾವ ಟೇಪು, ಯಾರ ಕೈ, ಎಷ್ಟು ಸದ್ದು: ಹಳೆಯ ರಾಕ್ ಆಲ್ಬಂಗಳ ರೀಮಾಸ್ಟರ್ ಕುರಿತು

ಹಳೆಯ ರಾಕ್ ಆಲ್ಬಂ ಒಂದರ ಹೊಸ ರೀಮಾಸ್ಟರ್ (ಮುಗಿದ ಟೇಪಿನ ಸದ್ದನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿ) ಬರುತ್ತಿದೆ ಎಂಬ ಸುದ್ದಿ ಹೊರಬಿದ್ದ ಕೂಡಲೇ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ಇಷ್ಟು ವರ್ಷ ಮಸುಕಾಗಿದ್ದ ಬಾಸ್ ಗಿಟಾರ್ ಈಗಲಾದರೂ ಬಿಡಿಸಿ ಕೇಳಿಸೀತು ಎಂದು ಒಂದು ಪಂಗಡ ಹಿಗ್ಗುತ್ತದೆ. ಮೊದಲ ಮುದ್ರಣದ ಎಲ್‌ಪಿಯೇ ಅಂತಿಮ, ಆಮೇಲೆ ಬಂದದ್ದೆಲ್ಲ ಅದೇ ಸರಕನ್ನು ಮತ್ತೆ ಮತ್ತೆ ಮಾರುವ ಉಪಾಯ ಎಂದು ಇನ್ನೊಂದು ಪಂಗಡ ಹೇಳುತ್ತದೆ. ಈ ವಾದವನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ, ಅದರಲ್ಲಿ ಪಾಲ್ಗೊಂಡೂ ಇದ್ದೇನೆ. ನನಗೆ ಕಂಡಂತೆ, ಎರಡೂ ಕಡೆಯವರು ಬಹಳಷ್ಟು ಸಲ ಬೇರೆ ಬೇರೆ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬರನ್ನೊಬ್ಬರು ಖಂಡಿಸುತ್ತಿರುತ್ತಾರೆ. ರೀಮಾಸ್ಟರ್ ಯಾವ ಟೇಪಿನಿಂದ ಬಂತು, ಯಾವ ದೋಷವನ್ನು ಸರಿಪಡಿಸಿತು, ಸಂಗೀತದ ಏರಿಳಿತವನ್ನು ಎಷ್ಟರಮಟ್ಟಿಗೆ ಉಳಿಸಿತು, ಹಳೆಯ ಆವೃತ್ತಿಯನ್ನು ಕೇಳುಗರಿಗೆ ಸಿಗದಂತೆ ಮಾಡಿತೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ ಅದರ ಯೋಗ್ಯತೆಯನ್ನು ಅಳೆಯಬೇಕು ಎಂಬುದು ನನ್ನ ನಿಲುವು.

ಮೊದಲಿಗೆ ಮೂಲ ಎಂಬುದನ್ನೇ ನೋಡೋಣ. 1960 ಮತ್ತು 70ರ ದಶಕಗಳಲ್ಲಿ ಮಿಕ್ಸಿಂಗ್ (ಬೇರೆ ಬೇರೆ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮುಗಿದ ಮೇಲೆ ಸ್ಟುಡಿಯೊದಿಂದ ಒಂದು ಮಾಸ್ಟರ್ ಟೇಪು ಹೊರಬರುತ್ತಿತ್ತು. ಅದನ್ನು ಇದ್ದ ಹಾಗೆಯೇ ಎಲ್‌ಪಿಗೆ ಇಳಿಸುವುದು ಎಷ್ಟೋ ಸಲ ಸಾಧ್ಯವಿರಲಿಲ್ಲ. ಬಾಸ್ (ತಗ್ಗುಶ್ರುತಿಯ ಸದ್ದು) ಅತಿಯಾದರೆ ರೆಕಾರ್ಡಿನ ಗೀರು ಓಲಾಡಿ ಮುಳ್ಳು ಹಾರುತ್ತದೆ. ಸಿಂಬಲ್‌ನ ಸದ್ದಾಗಲಿ ಗಾಯಕರ ‘ಸ’ಕಾರವಾಗಲಿ ತೀಕ್ಷ್ಣವಾಗಿದ್ದರೆ ರೆಕಾರ್ಡಿನ ಒಳಸುತ್ತುಗಳಲ್ಲಿ ಅದು ಕರ್ಕಶವಾಗುತ್ತದೆ. ಒಂದು ಬದಿಯಲ್ಲಿ ತುಂಬುವ ನಿಮಿಷಗಳು ಹೆಚ್ಚಿದಂತೆ ಒಟ್ಟು ಸದ್ದನ್ನು ತಗ್ಗಿಸಬೇಕಾಗುತ್ತದೆ. ಹೀಗಾಗಿ ರೆಕಾರ್ಡ್ ಕೊರೆಯುವ ಎಂಜಿನಿಯರ್ ಒಂದೆಡೆ ಬಾಸ್ ತಗ್ಗಿಸಿ, ಇನ್ನೊಂದೆಡೆ ಏರುಸದ್ದನ್ನು, ಅಂದರೆ ಟ್ರೆಬಲನ್ನು, ಹಿಡಿದಿಟ್ಟು, ಸಾಧಾರಣ ಪ್ಲೇಯರಿನಲ್ಲೂ ತೊಂದರೆಯಿಲ್ಲದೆ ಓಡುವ ರೆಕಾರ್ಡನ್ನು ತಯಾರಿಸಬೇಕಿತ್ತು.

ಇದಕ್ಕೆ ಅಭಿಮಾನಿಗಳೆಲ್ಲ ಬಲ್ಲ ಉದಾಹರಣೆಯೆಂದರೆ 1969ರ ‘ಲೆಡ್ ಜೆಪ್ಪೆಲಿನ್ II’. ಅದರ ಮೊದಲ ಅಮೆರಿಕನ್ ಮುದ್ರಣವನ್ನು ಆಗ ಇನ್ನೂ ಯುವಕರಾಗಿದ್ದ ಎಂಜಿನಿಯರ್ ಬಾಬ್ ಲಡ್ವಿಗ್ ಕೊರೆದರು. ಬಾಸ್ ಮತ್ತು ಸದ್ದು ಎರಡನ್ನೂ ಅವರು ಧೈರ್ಯದಿಂದ ಉಳಿಸಿಕೊಂಡಿದ್ದರು. ಸಾಧಾರಣ ಪ್ಲೇಯರ್ ಒಂದರಲ್ಲಿ ಮುಳ್ಳು ಹಾರಿತೆಂಬ ಕಾರಣಕ್ಕೆ ಕಂಪನಿಯು ಬಾಸ್ ತಗ್ಗಿಸಿ ಮತ್ತೊಮ್ಮೆ ಕೊರೆಸಿತು ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಇಂದು ಸಂಗ್ರಾಹಕರು ರೆಕಾರ್ಡಿನ ನಡುವಿನ ಖಾಲಿ ಜಾಗದಲ್ಲಿ ಲಡ್ವಿಗ್ ಅವರ ಗುರುತಾದ ‘ಆರ್‌ಎಲ್’ ಎಂಬ ಅಕ್ಷರಗಳನ್ನು ಹುಡುಕುವುದು ಆ ಮೊದಲ ಮುದ್ರಣಕ್ಕಾಗಿಯೇ. ಆಲ್ಬಂ ಬಿಡುಗಡೆಯಾದ ಕಾಲದಲ್ಲೇ ಅದಕ್ಕೆ ಎರಡು ರೂಪಗಳಿದ್ದವು, ಅಂದಿನ ಬಹುಪಾಲು ಕೇಳುಗರಿಗೆ ಸಿಕ್ಕಿದ್ದು ಬಾಸ್ ತಗ್ಗಿಸಿದ ರೂಪ. ಹೀಗಿರುವಾಗ ಮೂಲವನ್ನು ಮುಟ್ಟಬಾರದು ಎಂದು ವಾದಿಸುವವರು ಯಾವ ಮೂಲ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

1982ರಲ್ಲಿ ಸಿಡಿ ಬಂದಾಗ ಈ ಗೊಂದಲ ಇನ್ನಷ್ಟು ಬೆಳೆಯಿತು. ಹೊಸ ಮಾಧ್ಯಮಕ್ಕೆ ಹಳೆಯ ಆಲ್ಬಂಗಳನ್ನು ಬೇಗ ಬೇಗ ತುಂಬಿಸುವ ಆತುರದಲ್ಲಿ ಕಂಪನಿಗಳು ಎಷ್ಟೋ ಸಲ ಕೈಗೆ ಸಿಕ್ಕ ಟೇಪನ್ನೇ ಬಳಸಿದವು. ಅವುಗಳಲ್ಲಿ ಬಹಳಷ್ಟು ಮೂಲ ಮಾಸ್ಟರಿನಿಂದ ಎಲ್‌ಪಿಗೆಂದು ನಕಲಿಸಿದ ಟೇಪುಗಳು. ಬಾಸ್ ತಗ್ಗಿಸಿದ್ದು, ಏರುಸದ್ದು ಹಿಡಿದಿಟ್ಟದ್ದು ಎಲ್ಲವೂ ಅವುಗಳಲ್ಲಿ ಆಗಲೇ ಅಚ್ಚಾಗಿತ್ತು. ಮುಳ್ಳು ಹಾರುವ ಭಯವೇ ಇಲ್ಲದ ಮಾಧ್ಯಮದಲ್ಲೂ ಕೇಳುಗರಿಗೆ ಸಿಕ್ಕಿದ್ದು ಮುಳ್ಳಿಗೆ ಹೆದರಿ ಮಾಡಿಕೊಂಡ ರಾಜಿಯೇ. ಪ್ರತಿ ನಕಲಿಗೂ ಹಿಸ್ (ಟೇಪಿನ ಸುಯ್ಯೆನ್ನುವ ಸದ್ದು) ಹೆಚ್ಚುತ್ತದೆ, ಸೂಕ್ಷ್ಮಗಳು ಮಾಸುತ್ತವೆ. ಮೊದಲ ಸಿಡಿಗಳು ತೆಳ್ಳಗೆ, ಒಣಗಿದಂತೆ ಕೇಳುತ್ತವೆ ಎಂಬ ದೂರಿನ ಹಿಂದೆ ಡಿಜಿಟಲ್ ತಂತ್ರಕ್ಕಿಂತ ಈ ಟೇಪುಗಳ ಪಾಲೇ ಬಹಳ ಸಲ ದೊಡ್ಡದು. 1990ರಲ್ಲಿ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರು ಎಂಜಿನಿಯರ್ ಜಾರ್ಜ್ ಮರಿನೊ ಅವರೊಡನೆ ಕುಳಿತು ಲೆಡ್ ಜೆಪ್ಪೆಲಿನ್ ಹಾಡುಗಳನ್ನು ಸಿಡಿಗಾಗಿ ಹೊಸದಾಗಿ ಮಾಸ್ಟರ್ ಮಾಡಿಸಿದಾಗ ಅಭಿಮಾನಿಗಳು ಅದನ್ನು ಬರಮಾಡಿಕೊಂಡದ್ದು ಸಹಜವಾಗಿಯೇ ಇತ್ತು.

ಆದರೆ ಮೊದಲ ಕಾಲದ ಸಿಡಿಗಳೆಲ್ಲ ಕಳಪೆ ಎಂದು ಹೇಳುವುದೂ ತಪ್ಪು. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿಗೆ 1983ರಲ್ಲಿ ಜಪಾನಿನಲ್ಲಿ ತಯಾರಾದ ಸಿಡಿಯನ್ನು, ಅದರ ಮೇಲೆ ಅಚ್ಚಾದ ಕಪ್ಪು ತ್ರಿಕೋನದಿಂದ ಗುರುತಿಸಿ, ಸಂಗ್ರಾಹಕರು ಈಗಲೂ ಬೆಲೆಕೊಟ್ಟು ಕೊಳ್ಳುತ್ತಾರೆ. ಆಮೇಲೆ ಅದೇ ಆಲ್ಬಂ 1992ರಲ್ಲಿ, 2003ರಲ್ಲಿ, 2011ರಲ್ಲಿ, 2023ರಲ್ಲಿ ಹೊಸ ಹೊಸ ಮಾಸ್ಟರಿಂಗ್‌ನೊಂದಿಗೆ ಬಂದಿದೆ. ಇಷ್ಟಾದರೂ ಮೊದಲನೆಯದನ್ನು ಬಿಟ್ಟುಕೊಡದವರು ಇದ್ದಾರೆಂದರೆ ಅದನ್ನು ಬರೀ ಹಳೆಯದರ ಮೋಹ ಎಂದು ತಳ್ಳಿಹಾಕುವಂತಿಲ್ಲ.

ರೀಮಾಸ್ಟರ್ ಮಾಡುವುದೇ ನ್ಯಾಯ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುವ ಸಂದರ್ಭವೊಂದಿದೆ: ವೇಗದ ದೋಷ. ರೋಲಿಂಗ್ ಸ್ಟೋನ್ಸ್ ತಂಡದ ‘ಬೆಗರ್ಸ್ ಬ್ಯಾಂಕ್ವೆಟ್’ 1968ರಲ್ಲಿ ಹೊರಬಂದಾಗ ಟೇಪು ತುಸು ನಿಧಾನವಾಗಿ ಓಡಿತ್ತು. ಹಾಡುಗಳು ನುಡಿಸಿದ್ದಕ್ಕಿಂತ ಉದ್ದವಾಗಿ, ಶ್ರುತಿ ಕೆಳಗಿಳಿದು ಅಚ್ಚಾದವು. 2002ರ ಆವೃತ್ತಿಯಲ್ಲಿ ಅದನ್ನು ಸರಿಪಡಿಸುವವರೆಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಜಗತ್ತು ಆ ಆಲ್ಬಮ್ಮನ್ನು ತಪ್ಪು ವೇಗದಲ್ಲೇ ಕೇಳಿತು. ಡೋರ್ಸ್ ತಂಡದ 1967ರ ಮೊದಲ ಆಲ್ಬಮ್ಮಿನ ಸ್ಟೀರಿಯೊ ಎಲ್‌ಪಿಯಲ್ಲಿ ‘ಲೈಟ್ ಮೈ ಫೈರ್’ ಹಾಡಿಗೂ ಇದೇ ಆಯಿತು. ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದ ಹತ್ತಿರದವರೆಗೆ ಇಳಿದಿತ್ತು. ಸಿಂಗಲ್ ಸರಿಯಾದ ವೇಗದಲ್ಲಿತ್ತು, ತಂಡ ವೇದಿಕೆಯ ಮೇಲೆ ನುಡಿಸುತ್ತಿದ್ದ ಶ್ರುತಿಯೂ ಬೇರೆಯೇ ಆಗಿತ್ತು. ಆದರೂ ತಂಡದ ಎಂಜಿನಿಯರ್ ಬ್ರೂಸ್ ಬಾಟ್ನಿಕ್ ಅವರ ಕೈಯಿಂದ ಅದು ಆಲ್ಬಮ್ಮಿನಲ್ಲಿ ಸರಿಹೋದದ್ದು ನಲವತ್ತನೆಯ ವರ್ಷದ ಆವೃತ್ತಿಯಲ್ಲಿ.

ಇಂಥಲ್ಲಿಯೂ ಅಭಿಮಾನಿಗಳು ಒಮ್ಮತಕ್ಕೆ ಬರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ನಿಧಾನವಾದ ಆವೃತ್ತಿಯಲ್ಲೇ ಒಂದು ಭಾರವಿದೆ, ಡೋರ್ಸ್ ಗಾಯಕ ಜಿಮ್ ಮಾರಿಸನ್ ದನಿ ಅದರಲ್ಲೇ ಹೆಚ್ಚು ಗಾಢವಾಗಿದೆ, ಸರಿಪಡಿಸಿದ್ದು ಚುರುಕಾಗಿ ತೆಳ್ಳಗೆ ಕೇಳುತ್ತದೆ ಎಂದು ಹೇಳುವವರಿದ್ದಾರೆ. ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ದನಿ ಕೆಳಗಿಳಿದರೆ ಗಾಢವಾಗಿ ಕೇಳುವುದು ನಿಜವೇ, ಹರೆಯದಲ್ಲಿ ಕೇಳಿದ ಶ್ರುತಿ ಮನಸ್ಸಿನಲ್ಲಿ ಬೇರೂರುವುದೂ ನಿಜವೇ. ಆದರೆ ನುಡಿಸಿದವರು ಆ ವೇಗದಲ್ಲಿ ನುಡಿಸಿರಲಿಲ್ಲ. ಗಿಟಾರ್ ಹಿಡಿದು ರೆಕಾರ್ಡಿನ ಜೊತೆ ನುಡಿಸಲು ಕೂತ ವಿದ್ಯಾರ್ಥಿಗೆ ತನ್ನ ತಂತಿಗಳು ಯಾವ ಮನೆಯಲ್ಲೂ ಹೊಂದಲಿಲ್ಲವೆಂದರೆ ಆ ಗೊಂದಲದ ಹೊಣೆ ಯಂತ್ರದ್ದು. ಇಲ್ಲಿ ನಾನು ತಿದ್ದಿದ ಆವೃತ್ತಿಯ ಪರ.

ಜಗಳದ ನಿಜವಾದ ಕುದಿ ಇರುವುದು ಸದ್ದಿನ ವಿಷಯದಲ್ಲಿ. 1990ರ ದಶಕದಿಂದ ಮಾಸ್ಟರಿಂಗ್ ಕೊಠಡಿಗಳಲ್ಲಿ ಡಿಜಿಟಲ್ ಲಿಮಿಟರ್‌ಗಳು ಬಂದವು. ಸಂಗೀತದ ಅತಿ ಎತ್ತರದ ತುದಿಗಳನ್ನು ಕ್ಷಣಾರ್ಧದಲ್ಲಿ ಹಿಡಿದು ತಗ್ಗಿಸಿ, ಉಳಿದೆಲ್ಲವನ್ನೂ ಮೇಲೆತ್ತುವುದು ಅವುಗಳ ಕೆಲಸ. 16 ಬಿಟ್‌ನ ಸಿಡಿಗೆ ಸುಮಾರು 96 ಡೆಸಿಬೆಲ್‌ಗಳಷ್ಟು ಏರಿಳಿತವನ್ನು ಹಿಡಿದಿಡುವ ಸಾಮರ್ಥ್ಯವಿದೆ. ಅಷ್ಟು ಜಾಗ ಕೊಟ್ಟ ಮಾಧ್ಯಮದಲ್ಲೇ ಸಂಗೀತವನ್ನೆಲ್ಲ ಮೇಲಿನ ಕೆಲವೇ ಡೆಸಿಬೆಲ್‌ಗಳೊಳಗೆ ಒತ್ತಿ ತುಂಬಿ, ಬೇರೆಯವರದಕ್ಕಿಂತ ಗಟ್ಟಿಯಾಗಿ ಕೇಳಿಸುವ ಪೈಪೋಟಿ ಬೆಳೆಯಿತು. ಈ ಪೈಪೋಟಿಯ ಉತ್ತುಂಗಕ್ಕೆ ಎಲ್ಲರೂ ಹೆಸರಿಸುವುದು 1997ರಲ್ಲಿ ತಂಡದ ಗಾಯಕ ಇಗ್ಗಿ ಪಾಪ್ ಅವರೇ ಮತ್ತೆ ಮಿಕ್ಸ್ ಮಾಡಿದ, ಸ್ಟೂಜಸ್ ತಂಡದ 1973ರ ‘ರಾ ಪವರ್’. ಡೇವಿಡ್ ಬೋವಿ ಮಾಡಿದ್ದ ಮೂಲ ಮಿಕ್ಸಿನಲ್ಲಿ ಗಿಟಾರ್ ಮತ್ತು ದನಿ ಮುಂದಿದ್ದು ಬಾಸ್ ಮತ್ತು ಡ್ರಮ್ ಕೃಶವಾಗಿದ್ದವು. ಹೊಸದರಲ್ಲಿ ಎಲ್ಲವೂ ಒಟ್ಟಿಗೆ ಕಿವಿಯ ಮೇಲೆ ಎರಗುತ್ತವೆ, ಸದ್ದು ಒಡೆದು ಸಿಡಿಯುವ ಮಟ್ಟಿಗೆ. ಆ ತಂಡದ ಸ್ವಭಾವಕ್ಕೆ ಇದೇ ಸರಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅದೇ ಚಿಕಿತ್ಸೆಯನ್ನು ಮೃದುವಾಗಿ ಆರಂಭವಾಗಿ ನಿಧಾನವಾಗಿ ಮೇಲೇಳುವ ಆಲ್ಬಂಗಳಿಗೂ ಮಾಡಿದರು ಎಂಬುದೇ ನನ್ನ ಆಕ್ಷೇಪ.

ಇದನ್ನು ನಾನು ಮನೆಯಲ್ಲೇ ಪರೀಕ್ಷಿಸಿ ನೋಡಿದ್ದೇನೆ. ಕಂಪ್ಯೂಟರ್ ಇರುವ ಯಾರು ಬೇಕಾದರೂ ಮಾಡಬಹುದು. ಲೆಡ್ ಜೆಪ್ಪೆಲಿನ್ ತಂಡದ ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿನ ಆರಂಭವನ್ನು ತೆಗೆದುಕೊಂಡೆ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲುಹಾದಿಯ ಬುಡದಲ್ಲಿ ಜಾನ್ ಬಾನಮ್ ಡ್ರಮ್ ನುಡಿಸಿದರು, ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಿನ ಅಂತಸ್ತಿನಿಂದ ಇಳಿಬಿಟ್ಟು ಅದನ್ನು ಹಿಡಿದರು. ಹಳೆಯ ಸಿಡಿಯ ಆ ಭಾಗವನ್ನು ಒಂದು ಆಡಿಯೊ ಎಡಿಟರಿಗೆ ಹಾಕಿ, ಅದರ ಒಂದು ನಕಲಿಗೆ ಲಿಮಿಟರ್ ಹಚ್ಚಿ ಸದ್ದನ್ನು 6 ಡೆಸಿಬೆಲ್‌ನಷ್ಟು ಏರಿಸಿದೆ. ಮೊದಲಿಗೆ ಏರಿಸಿದ್ದೇ ಹೆಚ್ಚು ಜೀವಂತವಾಗಿ ಕೇಳಿತು. ಬಳಿಕ ಎರಡರ ಸರಾಸರಿ ಸದ್ದನ್ನು ಅಳೆದು, ಏರಿಸಿದ್ದನ್ನು ಇಳಿಸಿ ಸಮಮಾಡಿ ಕೇಳಿದಾಗ ಚಿತ್ರ ಬದಲಾಯಿತು. ಮೂಲದಲ್ಲಿ ಪ್ರತಿ ಪೆಟ್ಟಿಗೂ ಒಂದು ಮೊನೆಯಿದೆ: ಕೋಲು ಚರ್ಮಕ್ಕೆ ತಾಗುವ ಕ್ಷಣ ಬೇರೆ, ಆ ಮೆಟ್ಟಿಲುಹಾದಿ ತುಂಬಿ ಮರಳುವ ಮೊಳಗು ಬೇರೆ, ಎರಡರ ನಡುವೆ ಒಂದು ಇಳಿಜಾರು. ಲಿಮಿಟರ್ ಹಚ್ಚಿದ್ದರಲ್ಲಿ ಮೊನೆ ಮೊಂಡಾಗಿತ್ತು. ಮೊಳಗು ಪೆಟ್ಟಿನ ಹತ್ತಿರಕ್ಕೆ ಎದ್ದು ಬಂದು, ಕಟ್ಟಡದ ಆಳ ಕುಗ್ಗಿ, ಡ್ರಮ್ ಕೇಳುಗನ ಮುಖದೆದುರಿಗೆ ಬಂದು ನಿಂತಿತ್ತು.

ಆ ಡ್ರಮ್ಮಿನ ಮುದ್ರಣದಲ್ಲೇ ಕಂಪ್ರೆಷನ್ (ಸದ್ದಿನ ಏರಿಳಿತವನ್ನು ಒತ್ತಿ ಕುಗ್ಗಿಸುವುದು) ಧಾರಾಳವಾಗಿದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇದೆ, ಆ ಸದ್ದಿನ ಗುಣದಲ್ಲಿ ಅದಕ್ಕೆ ದೊಡ್ಡ ಪಾಲೂ ಇದೆ. ಆದರೆ ಅದನ್ನು ಮುದ್ರಿಸಿದವರು ಡ್ರಮ್ಮಿಗೆಂದೇ, ಆ ಕಟ್ಟಡದಲ್ಲಿ, ಕಿವಿಯಿಟ್ಟು ಕೇಳುತ್ತ ಆರಿಸಿಕೊಂಡರು. ಹಲವು ದಶಕಗಳ ನಂತರ ಇಡೀ ಮಿಕ್ಸಿನ ಮೇಲೆ, ಹಾರ್ಮೋನಿಕಾ, ಗಿಟಾರ್, ದನಿ ಎಲ್ಲವನ್ನೂ ಸೇರಿಸಿ ಒತ್ತುವುದು ಬೇರೆಯೇ ಕ್ರಿಯೆ. ಡ್ರಮ್ಮಿನ ಒಂದು ಪೆಟ್ಟಿಗೆ ಲಿಮಿಟರ್ ಬಾಗಿದಾಗ ಅದೇ ಕ್ಷಣದಲ್ಲಿರುವ ದನಿಯೂ ಅದರೊಂದಿಗೆ ಬಾಗುತ್ತದೆ.

ಸದ್ದು ಸಮಮಾಡದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ ಎಂದು ನಾನು ಪಟ್ಟುಹಿಡಿಯುವುದು ಈ ಕಾರಣಕ್ಕೆ. ಮನುಷ್ಯನ ಕಿವಿ ಮಂದ ಸದ್ದಿನಲ್ಲಿ ಬಾಸನ್ನೂ ಅತಿ ಏರುಸದ್ದನ್ನೂ ಕಡಿಮೆ ಗ್ರಹಿಸುತ್ತದೆ, ಸದ್ದು ಏರಿದಂತೆ ಅವು ಮೈದುಂಬುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹೀಗಾಗಿ ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಒಂದನ್ನು ಒಂದು ಡೆಸಿಬೆಲ್‌ನಷ್ಟು ಏರಿಸಿಟ್ಟರೂ ಸಾಕು, ಹೆಚ್ಚಿನ ಕೇಳುಗರಿಗೆ ಸದ್ದು ಹೆಚ್ಚಾಗಿದೆ ಅನಿಸುವ ಮೊದಲು ಸ್ಪಷ್ಟತೆ ಹೆಚ್ಚಾಗಿದೆ ಅನಿಸುತ್ತದೆ. ರೀಮಾಸ್ಟರ್ ಕೇಳಿದ ಮೊದಲ ದಿನ ಹುಟ್ಟುವ ಉತ್ಸಾಹದ ಮಾತುಗಳಲ್ಲಿ, ಈವರೆಗೆ ಕೇಳದ ಸೂಕ್ಷ್ಮಗಳೆಲ್ಲ ಕೇಳಿದವು ಎಂಬ ಮಾತುಗಳಲ್ಲಿ, ಎಷ್ಟು ಪಾಲು ಈ ಏರಿಕೆಗೆ ಸಲ್ಲಬೇಕು ಎಂಬುದನ್ನು ಸಮಮಾಡಿ ಕೇಳುವವರೆಗೆ ಯಾರೂ ಹೇಳಲಾರರು.

ಇದಕ್ಕೆ ಪ್ರತಿಯಾಗಿ ಎದುರು ಪಂಗಡದವರು ಏರಿಳಿತದ ಅಂಕಿಯೊಂದನ್ನು ಹಿಡಿದು ವಾದಿಸುತ್ತಾರೆ. ಆಲ್ಬಮ್ಮಿನ ಡಿಆರ್ (ಡೈನಾಮಿಕ್ ರೇಂಜ್) ಅಂಕಿ ಹನ್ನೆರಡಾದರೆ ಒಳ್ಳೆಯದು, ಆರಾದರೆ ಕೆಟ್ಟದ್ದು ಎಂಬ ಲೆಕ್ಕ. ಮೇಲ್ನೋಟಕ್ಕೆ ಅದು ಉಪಯುಕ್ತವೇ. ಆದರೆ ಒಂದೇ ಡಿಜಿಟಲ್ ಮಾಸ್ಟರಿನಿಂದ ಕೊರೆದ ಎಲ್‌ಪಿಯನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿ ಅಳೆದರೆ ಅಂಕಿ ಸಿಡಿಗಿಂತ ಹೆಚ್ಚೇ ಬರುತ್ತದೆ. ಕೊರೆಯುವ, ಓಡಿಸುವ ಕ್ರಿಯೆಯಲ್ಲಿ ಅಲೆಯ ತುದಿಗಳು ಸ್ಥಾನಪಲ್ಲಟವಾಗಿ ಎತ್ತರವಾಗುವುದೇ ಅದಕ್ಕೆ ಕಾರಣ. ಕಳೆದುಹೋದ ಏರಿಳಿತ ಅದರಿಂದ ಮರಳಿ ಬಂದಿರುವುದಿಲ್ಲ. ಅಂಕಿ ನೋಡಿ ಎಲ್‌ಪಿಯನ್ನು ಹೊಗಳುವವರು ಇದನ್ನು ತಿಳಿದಿರಬೇಕು.

ಈಗಂತೂ ಸದ್ದಿನ ಪೈಪೋಟಿಗೆ ಅರ್ಥವೇ ಉಳಿದಿಲ್ಲ. ಕೇಳಿಸುವ ಸದ್ದನ್ನು ಅಳೆಯಲು 2006ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ಮಾನದಂಡವನ್ನು ರೂಪಿಸಿತು. ಸ್ಟ್ರೀಮಿಂಗ್ ಸೇವೆಗಳು ಇಂದು ಅದರ ಆಧಾರದ ಮೇಲೆ ಹಾಡುಗಳ ಸದ್ದನ್ನು ಸಮಮಾಡುತ್ತವೆ. ಸ್ಪಾಟಿಫೈನ ಸಾಮಾನ್ಯ ಗುರಿ ಆ ಮಾನದಂಡದ ಏಕಮಾನವಾದ ಎಲ್‌ಯುಎಫ್‌ಎಸ್‌ನಲ್ಲಿ ಮೈನಸ್ 14. ಅದಕ್ಕಿಂತ ಗಟ್ಟಿಯಾಗಿ ಮಾಸ್ಟರ್ ಮಾಡಿದ ಹಾಡನ್ನು ಅದು ತಾನಾಗಿಯೇ ತಗ್ಗಿಸುತ್ತದೆ. ಒತ್ತಿ ಏರಿಸಿದ್ದರ ಲಾಭ ಹೋಗಿ, ಮೊಂಡಾದ ಮೊನೆ ಮಾತ್ರ ಉಳಿಯುತ್ತದೆ.

ಎಚ್ಚರದಿಂದ ಮಾಡಿದ ಕೆಲಸಕ್ಕೂ ಉದಾಹರಣೆಗಳಿವೆ. 2009ರ ಸೆಪ್ಟೆಂಬರ್ 9ರಂದು ಬಂದ ಬೀಟಲ್ಸ್ ಆಲ್ಬಂಗಳ ಹಿಂದೆ ಆ್ಯಬಿ ರೋಡ್ ಸ್ಟುಡಿಯೊದ ಎಂಜಿನಿಯರುಗಳ ಸುಮಾರು ನಾಲ್ಕು ವರ್ಷಗಳ ದುಡಿಮೆಯಿದೆ. ಅವರು ಸ್ಟೀರಿಯೊ ಆವೃತ್ತಿಗಳಿಗೆ ಲಿಮಿಟರನ್ನು ಹಿತಮಿತವಾಗಿ ಬಳಸಿದರು, ಮೊನೊ (ಒಂದೇ ಚಾನೆಲ್ಲಿನ) ಆವೃತ್ತಿಗಳಿಗೆ ಬಳಸಲೇ ಇಲ್ಲ. ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಆಲ್ಬಂಗಳನ್ನು ಅವುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ 1986ರಲ್ಲಿ ಸಿಡಿಗಾಗಿ ಮತ್ತೆ ಮಿಕ್ಸ್ ಮಾಡಿದ್ದರು. ಸ್ಟೀರಿಯೊ ಸರಣಿ ಆ ಮಿಕ್ಸನ್ನೇ ಮುಂದುವರಿಸಿತಾದರೂ, ಮೊನೊ ಪೆಟ್ಟಿಗೆಯಲ್ಲಿ 1965ರ ಸ್ಟೀರಿಯೊ ಮಿಕ್ಸನ್ನೂ ಸೇರಿಸಿ ಕೊಟ್ಟರು. ಆ ಎರಡನ್ನೂ ಕೇಳಿ ನೋಡುವ ಅವಕಾಶ ಕೇಳುಗನಿಗೆ ದೊರೆಯಿತು. ಇಂಥ ಸಣ್ಣ ನಿರ್ಧಾರಗಳಲ್ಲೇ ಹಳೆಯ ಕೆಲಸದ ಮೇಲಿನ ಗೌರವ ಕಾಣುತ್ತದೆ.

ಮತ್ತೆ ಮಿಕ್ಸ್ ಮಾಡುವುದನ್ನು ರೀಮಾಸ್ಟರಿನೊಂದಿಗೆ ಬೆರೆಸಿ ಮಾತನಾಡುವುದರಿಂದಲೂ ಜಗಳ ಬೆಳೆಯುತ್ತದೆ. ರೀಮಾಸ್ಟರ್ ಮಾಡುವ ಎಂಜಿನಿಯರಿಗೆ ಸಿಗುವುದು ಮುಗಿದ ಮಿಕ್ಸ್. ಡ್ರಮ್ ಒಂದನ್ನೇ ಏರಿಸಲು, ದನಿಯನ್ನು ನಡುವಿಗೆ ತರಲು ಆತನಿಗೆ ಸಾಮಾನ್ಯವಾಗಿ ಆಗದು. ರೀಮಿಕ್ಸ್ ಮಾಡುವವರು ವಾದ್ಯ, ದನಿಗಳು ಬೇರೆ ಬೇರೆಯಾಗಿ ಅಚ್ಚಾದ ಮಲ್ಟಿಟ್ರ್ಯಾಕ್ ಟೇಪಿಗೇ ಹೋಗಿ ಎಲ್ಲವನ್ನೂ ಮೊದಲಿನಿಂದ ಜೋಡಿಸುತ್ತಾರೆ. ಇಲ್ಲಿ ಲಾಭವೂ ದೊಡ್ಡದು, ಅಪಾಯವೂ ದೊಡ್ಡದು.

ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಮುದ್ರಿಸಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ಟ್ರ್ಯಾಕ್ ತುಂಬಿದ ಮೇಲೆ ಅವನ್ನು ಕಲೆಸಿ ಮತ್ತೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹೊಸದನ್ನು ಸೇರಿಸುತ್ತಿದ್ದರು. ಮೊದಲು ಮುದ್ರಿಸಿದ ಡ್ರಮ್ ಮತ್ತು ಬಾಸ್ ಹೀಗೆ ಒಂದೆರಡು ತಲೆಮಾರು ಹಿಂದೆ ಸರಿದು ಹೋಗುತ್ತಿದ್ದವು. 2017ರಲ್ಲಿ ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಓಕೆಲ್ ಕಲೆಸುವುದಕ್ಕೆ ಮುಂಚಿನ ಟೇಪುಗಳನ್ನೇ ಹೊರತೆಗೆದು ಒಂದಕ್ಕೊಂದು ಹೊಂದಿಸಿದರು. ಬೀಟಲ್ಸ್ ತಂಡದವರು 1967ರಲ್ಲಿ ಮನಸ್ಸಿಟ್ಟು ಕೂತದ್ದು ಮೊನೊ ಮಿಕ್ಸಿಗೆ, ಸ್ಟೀರಿಯೊ ಅವರ ಗೈರುಹಾಜರಿಯಲ್ಲಿ ಬೇಗ ಮುಗಿದ ಕೆಲಸ. ಆದ್ದರಿಂದ ಹೊಸ ಸ್ಟೀರಿಯೊಗೆ ಇವರು ಮೊನೊವನ್ನೇ ಮಾರ್ಗದರ್ಶಿಯಾಗಿ ಇಟ್ಟುಕೊಂಡರು. ‘ಷೀ ಈಸ್ ಲೀವಿಂಗ್ ಹೋಮ್’ ಮೊನೊದಲ್ಲಿ ಸ್ಟೀರಿಯೊಗಿಂತ ವೇಗವಾಗಿ, ಎತ್ತರದ ಶ್ರುತಿಯಲ್ಲಿತ್ತು; ಹೊಸ ಮಿಕ್ಸಿನಲ್ಲೂ ಅದೇ ವೇಗ. ರಿಂಗೋ ಸ್ಟಾರ್ ಅವರ ಡ್ರಮ್ ಅದರಲ್ಲಿ ಎಷ್ಟು ಹತ್ತಿರಕ್ಕೆ ಬಂದಿದೆಯೆಂದರೆ, ಅವರ ಕೈಚಳಕವನ್ನು ಹಗುರವಾಗಿ ಕಂಡವರು ಕೂಡ ಮತ್ತೊಮ್ಮೆ ಯೋಚಿಸಬೇಕು. ಜೆಥ್ರೊ ಟಲ್ ತಂಡದ 1971ರ ‘ಆಕ್ವಾಲಂಗ್’ ಕುರಿತೂ ನನಗೆ ಇಂಥದೇ ಅಭಿಮಾನವಿದೆ. ಅದರ ಮೂಲ ಸದ್ದು ಮಂಕಾಗಿದೆ ಎಂಬ ದೂರು ಹಿಂದಿನಿಂದಲೂ ಇತ್ತು, 2011ರಲ್ಲಿ ಸ್ಟೀವನ್ ವಿಲ್ಸನ್ ಮಾಡಿದ ರೀಮಿಕ್ಸ್ ಆ ಮಂಕನ್ನು ಕಳೆಯಿತು.

ಅಪಾಯದ ಕಡೆಗೆ ಬಂದರೆ, ಝಡ್‌ಝಡ್ ಟಾಪ್ ತಂಡದ ಎಪ್ಪತ್ತರ ದಶಕದ ಆಲ್ಬಂಗಳು 1987ರಲ್ಲಿ ಸಿಡಿಯಾಗಿ ಬಂದಾಗ ಅವುಗಳ ಡ್ರಮ್ಮಿಗೆ ಎಂಬತ್ತರ ದಶಕದ ಕೃತಕ ಪ್ರತಿಧ್ವನಿಯನ್ನು ತೊಡಿಸಿದ್ದರು. ಒಣ, ಬಿಗಿಯಾದ ಬ್ಲೂಸ್ ಸಂಗೀತಕ್ಕೆ ಅದು ಒಗ್ಗಲೇ ಇಲ್ಲ. ಎಷ್ಟೋ ವರ್ಷಗಳವರೆಗೆ ಸಿಡಿ ಕೊಂಡವರಿಗೆ ಸಿಕ್ಕಿದ್ದು ಅದೊಂದೇ. ಇದಕ್ಕಿಂತ ನೋವಿನ ಪ್ರಕರಣ ಓಝಿ ಆಸ್ಬರ್ನ್ ಅವರ ಮೊದಲ ಎರಡು ಆಲ್ಬಂಗಳದ್ದು. 2002ರಲ್ಲಿ ಅವು ಮರುಬಿಡುಗಡೆಯಾದಾಗ ಬಾಬ್ ಡೇಸ್ಲಿ ನುಡಿಸಿದ್ದ ಬಾಸನ್ನೂ ಲೀ ಕರ್ಸ್ಲೇಕ್ ನುಡಿಸಿದ್ದ ಡ್ರಮ್ಮನ್ನೂ ಅಳಿಸಿ, ಬೇರೆ ಇಬ್ಬರಿಂದ ಹೊಸದಾಗಿ ನುಡಿಸಿ ಸೇರಿಸಿದ್ದರು. ಇದರ ಹಿನ್ನೆಲೆಯಲ್ಲಿ ಆ ಇಬ್ಬರು ಸಂಗೀತಗಾರರೊಂದಿಗಿನ ಗೌರವಧನದ ವ್ಯಾಜ್ಯವಿತ್ತು. ರಾಂಡಿ ರೋಡ್ಸ್ ಗಿಟಾರ್ ನುಡಿಸುವಾಗ ಎದುರಿಗಿದ್ದ ಬಾಸ್ ಮತ್ತು ಡ್ರಮ್ ಬೇರೆ, ಈಗ ಅವರ ಗಿಟಾರಿನ ಕೆಳಗೆ ಕೇಳುವ ಬಾಸ್ ಮತ್ತು ಡ್ರಮ್ ಬೇರೆ. ರೋಡ್ಸ್ 1982ರಲ್ಲೇ ತೀರಿಕೊಂಡಿದ್ದರು. ಒಂದೇ ಕೋಣೆಯಲ್ಲಿ ಒಬ್ಬರ ನುಡಿಸಾಣಿಕೆಗೆ ಇನ್ನೊಬ್ಬರು ಕೊಟ್ಟ ಉತ್ತರವನ್ನು ಅಳಿಸಿ, ಅದನ್ನೇ ಹಳೆಯ ಆಲ್ಬಂ ಎಂದು ಮಾರುವುದು ಕೇಳುಗನಿಗೂ ನುಡಿಸಿದವರಿಗೂ ಮಾಡಿದ ಅನ್ಯಾಯ. 2011ರಲ್ಲಿ ಮೂಲ ನುಡಿಸಾಣಿಕೆಯನ್ನು ಮರಳಿಸಿದರು.

ಕಲಾವಿದರೇ ಒಪ್ಪಿದ್ದಾರಲ್ಲ, ಅವರೇ ಕೂತು ಮಾಡಿಸಿದ್ದಾರಲ್ಲ ಎಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪದಿರುವುದು ಇದಕ್ಕೇ. ಫ್ರಾಂಕ್ ಝಪ್ಪಾ ಎಂಬತ್ತರ ದಶಕದಲ್ಲಿ ತಮ್ಮದೇ ‘ವಿ ಆರ್ ಓನ್ಲಿ ಇನ್ ಇಟ್ ಫಾರ್ ದ ಮನಿ’ ಆಲ್ಬಮ್ಮಿನ ಬಾಸ್ ಮತ್ತು ಡ್ರಮ್ಮನ್ನು ಬೇರೆಯವರಿಂದ ಹೊಸದಾಗಿ ನುಡಿಸಿ ಸೇರಿಸಿದಾಗ ಅಭಿಮಾನಿಗಳು ಒಪ್ಪಲಿಲ್ಲ, 1995ರ ಸಿಡಿಯಲ್ಲಿ ಹಳೆಯದೇ ಮರಳಿತು. ಆಲ್ಬಂ ಮಾಡಿದ ಕಲಾವಿದನಿಗೆ ತನ್ನ ಕೆಲಸವನ್ನು ಮತ್ತೆ ಮತ್ತೆ ತಿದ್ದುವ ಹಕ್ಕಿದೆ. ಇಪ್ಪತ್ತೆಂಟರ ಹರೆಯದಲ್ಲಿ ತಾನು ಕೇಳಿದ್ದು ಅರುವತ್ತರ ಕಿವಿಗೆ ಹೇಗೆ ಕೇಳುತ್ತದೆ ಎಂಬುದು ಮಾತ್ರ ಆತನಿಗೂ ಖಚಿತವಾಗಿ ತಿಳಿಯದು.

ಅನಲಾಗ್ (ಡಿಜಿಟಲ್ ಹಂತವೇ ಇಲ್ಲದ ಟೇಪು, ಎಲ್‌ಪಿ) ಪಕ್ಷದವರ ಬಗ್ಗೆಯೂ ಒಂದು ಮಾತು ಹೇಳಬೇಕು. 2022ರಲ್ಲಿ, ಹಳೆಯ ಆಲ್ಬಂಗಳನ್ನು ಮರುಮುದ್ರಿಸುವ ಮೊಬೈಲ್ ಫಿಡೆಲಿಟಿ ಕಂಪನಿಯ ಎಂಜಿನಿಯರುಗಳು ತಮ್ಮ ಹಲವು ಎಲ್‌ಪಿಗಳ ತಯಾರಿಕೆಯಲ್ಲಿ ಒಂದು ಡಿಜಿಟಲ್ ಹಂತವಿದೆ ಎಂದು ಒಪ್ಪಿಕೊಂಡರು. ಅವು ಪೂರ್ತಿ ಅನಲಾಗ್ ಎಂದು ನಂಬಿ ಕೊಂಡವರಿಗೆ ಆಘಾತವಾಯಿತು. ಡಿಜಿಟಲ್ ಹಂತ ತಮ್ಮ ಕಿವಿಗೆ ಕೂಡಲೇ ತಿಳಿಯುತ್ತದೆ ಎಂದು ಹೇಳುತ್ತಿದ್ದ ಕೆಲವರು ಅದೇ ರೆಕಾರ್ಡುಗಳನ್ನು ವರ್ಷಗಟ್ಟಲೆ ಹೊಗಳಿದ್ದರು ಎಂಬುದು ಬಯಲಾಯಿತು. ಇದನ್ನು ಹಿಡಿದು ಅವರನ್ನು ಹಂಗಿಸಿದವರು ಬಹಳ. ನನಗೆ ಅದು ಸರಿಯೆನಿಸಲಿಲ್ಲ. ಅವರು ಹೊಗಳಿದ ರೆಕಾರ್ಡುಗಳು ಚೆನ್ನಾಗಿಯೇ ಇದ್ದವು, ಅವರು ಮೋಸಹೋದದ್ದು ಸರಿಯಾದ ಮಾಹಿತಿ ಸಿಗದೆ. ಆ ಬಳಿಕ ಕಂಪನಿ ಯಾವ ಹಂತಗಳ ಮೂಲಕ ರೆಕಾರ್ಡ್ ತಯಾರಾಯಿತು ಎಂಬುದನ್ನು ತಿಳಿಸತೊಡಗಿತು. ಹೊದಿಕೆಯ ಮೇಲೆ ಟೇಪಿನ ಮೂಲ, ವರ್ಗಾಯಿಸಿದ ವಿಧಾನ, ಎಂಜಿನಿಯರಿನ ಹೆಸರು ಇಷ್ಟನ್ನು ಬರೆಯಲು ಎಲ್ಲ ಕಂಪನಿಗಳಿಗೂ ಸಾಧ್ಯವಿದೆ. ಮೂಲ ಟೇಪಿನಿಂದ ರೀಮಾಸ್ಟರ್ ಮಾಡಲಾಗಿದೆ ಎಂಬ ಒಂದೇ ಸಾಲು ಯಾರಿಗೂ ಸಾಲದು.

ಹೊಸ ಆವೃತ್ತಿಗಳೇ ಬೇಡ ಎನ್ನುವವರು ಟೇಪಿನ ಆಯುಷ್ಯದ ಬಗ್ಗೆ ಯೋಚಿಸಬೇಕು. ಎಪ್ಪತ್ತರ ದಶಕದ ಮಧ್ಯದ ನಂತರ ಬಳಕೆಗೆ ಬಂದ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಯಂತ್ರದ ಹೆಡ್ಡಿಗೆ ಅಂಟಿಕೊಂಡು ಪುಡಿ ಉದುರುತ್ತದೆ, ಸಂಗೀತವೂ ಅದರೊಡನೆ ಹೋಗುತ್ತದೆ. ಅಂಥ ಟೇಪುಗಳನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ತುಸು ಮೇಲಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಅಂಟು ತಾತ್ಕಾಲಿಕವಾಗಿ ಗಟ್ಟಿಯಾದ ಅವಧಿಯಲ್ಲೇ ನಕಲು ತೆಗೆಯಬೇಕು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಎದ್ದ ಬೆಂಕಿಯಲ್ಲಿ ಸಂಗೀತದ ಮೂಲ ಟೇಪುಗಳಿದ್ದ ಉಗ್ರಾಣವೂ ಸುಟ್ಟಿತು. ನಷ್ಟದ ಪ್ರಮಾಣದ ಬಗ್ಗೆ ವಿವಾದವಿದೆ, ನಷ್ಟವಾದದ್ದರಲ್ಲಿ ವಿವಾದವಿಲ್ಲ. ರೀಮಾಸ್ಟರಿನ ನೆಪದಲ್ಲಾದರೂ ಯಾರೋ ಟೇಪನ್ನು ಹೊರತೆಗೆದು, ಯಂತ್ರವನ್ನು ಹೊಂದಿಸಿ, ಉತ್ತಮ ಗುಣಮಟ್ಟದ ವರ್ಗಾವಣೆ ಮಾಡಿಟ್ಟರೆ ಅದು ದೊಡ್ಡ ಸೇವೆ. ನನ್ನ ಬೇಡಿಕೆಯೆಂದರೆ, ಏನೂ ತಿದ್ದದ ಆ ವರ್ಗಾವಣೆಯನ್ನೂ ಕೇಳುಗರಿಗೆ ಕೊಡಬೇಕು. ಕಿಂಗ್ ಕ್ರಿಮ್ಸನ್, ಯೆಸ್ ತಂಡಗಳ ಆಲ್ಬಂಗಳನ್ನು ವಿಲ್ಸನ್ ರೀಮಿಕ್ಸ್ ಮಾಡಿದಾಗ ಹಳೆಯ ಮಿಕ್ಸನ್ನೂ ಜೊತೆಗಿಟ್ಟು ಕೊಟ್ಟದ್ದುಂಟು. ಒಂದನ್ನು ಮೆಚ್ಚಲು ಇನ್ನೊಂದನ್ನು ಕಳೆದುಕೊಳ್ಳಬೇಕಾದ ಅಗತ್ಯ ಅಲ್ಲಿರಲಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. ಹೊಸ ರೀಮಾಸ್ಟರ್ ಬಂದಾಗ ಹಳೆಯದು ಸದ್ದಿಲ್ಲದೆ ಕಣ್ಮರೆಯಾಗುತ್ತದೆ, ಪಟ್ಟಿಯಲ್ಲಿ ಉಳಿಯುವುದು ಅದೇ ಮುಖಚಿತ್ರ, ಅದೇ ಹಾಡಿನ ಹೆಸರುಗಳು. ಹೆಸರಿನ ಮುಂದೆ ಒಂದು ಇಸವಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಳೆಯ ಸಿಡಿಗಳನ್ನು ಯಾರೂ ಎಸೆಯಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಇದನ್ನು ನೋಡಿಯೇ.

ಹೊಸದಾಗಿ ಕೇಳಲು ತೊಡಗಿದವರು ಯಾವ ಆವೃತ್ತಿಯಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಆಲ್ಬಂ ಆಲ್ಬಮ್ಮಿಗೂ ಬೇರೆ ಉತ್ತರ ಕೊಡುತ್ತೇನೆ. ‘ಬೆಗರ್ಸ್ ಬ್ಯಾಂಕ್ವೆಟ್’ ಆದರೆ 2002ರ ನಂತರದ್ದು. ‘ಆಕ್ವಾಲಂಗ್’ ಆದರೆ ವಿಲ್ಸನ್ ಮಿಕ್ಸ್. ‘ಸಾರ್ಜೆಂಟ್ ಪೆಪ್ಪರ್ಸ್’ ಆದರೆ ಮೊದಲು ಮೊನೊ, ಬಳಿಕ 2017ರದ್ದು. ಓಝಿಯ ಆಲ್ಬಂಗಳಾದರೆ 2002ರದ್ದನ್ನು ಬಿಟ್ಟು ಬೇರೆ ಯಾವುದಾದರೂ ಸರಿ. ‘ರಾ ಪವರ್’ ವಿಷಯದಲ್ಲಿ ಮಾತ್ರ ಎರಡನ್ನೂ ಕೇಳಿ ಎನ್ನುತ್ತೇನೆ. 2010ರಲ್ಲಿ ಬೋವಿಯ ಮಿಕ್ಸ್ ಮರಳಿ ಬಂದಿರುವುದರಿಂದ ಅದು ಸಾಧ್ಯವಿದೆ. ಬೋವಿಯದನ್ನು ಮೊದಲು ಕೇಳಿ, ಇಗ್ಗಿ ಪಾಪ್ ಅವರದನ್ನು ಆ ಸದ್ದಿನ ಮಟ್ಟಕ್ಕೆ ಇಳಿಸಿಕೊಂಡು ಆಮೇಲೆ ಕೇಳಿ. ನನಗೆ ಬೋವಿಯದೇ ಹೆಚ್ಚು ಇಷ್ಟ. ಇಗ್ಗಿಯದೇ ಸರಿ ಎನ್ನುವವರು ಯಾವ ಹಾಡಿನ ಯಾವ ಭಾಗದಲ್ಲಿ ಹಾಗನಿಸಿತು ಎಂದು ಹೇಳಿದರೆ ಅದೇ ಭಾಗವನ್ನು ಮತ್ತೆ ಹಾಕಿಕೊಂಡು ಕೇಳಲು ನಾನು ಸಿದ್ಧ.